ಬೈಗೆ ಮೀನೂ ಜೀನಿನ ಚೀಟಿಯೂ

ನಮ್ಮ ಕೋಟದಲ್ಲಿ ಬೈಗೆ (ಅದೇ, ಬೂತಾಯಿ) ತಿನ್ನುವವರನ್ನೂ ತಿನ್ನದವರನ್ನೂ ಹೋಲಿಸಿ, ಮೀನೆಣ್ಣೆ ಕರುಳಿನ ಕ್ಯಾನ್ಸರ್ ತಡೆಯುತ್ತದೆ ಅಂದುಬಿಟ್ಟರೆ ನಾನು ಒಪ್ಪಲ್ಲ. ಇಬ್ಬರ ದುಡಿಮೆ, ಊಟ, ಚಟ ಎಲ್ಲವೂ ಬೇರೆ.

ಅದಕ್ಕೇ ವಿಜ್ಞಾನಿಗಳು ಜೀನ್ ಹಿಡಿದದ್ದು. ಅದು ಅಪ್ಪ-ಅಮ್ಮನಿಂದ ಚೀಟಿ ಎತ್ತಿದ ಹಾಗೆ ಬರುತ್ತದೆ. ಚಟ ಬಿಟ್ಟರೂ ಬದಲಾಗದು. ಅಡುಗೆ ಎಣ್ಣೆಯ ಲಿನೊಲೆಯಿಕ್ ಆಮ್ಲವನ್ನು ಅರಾಕಿಡೋನಿಕ್ ಆಮ್ಲವಾಗಿಸುವ ಫ್ಯಾಡ್ಸ್ ಜೀನುಗಳು ಚುರುಕಾಗಿದ್ದವರಿಗೆ ಈ ಕ್ಯಾನ್ಸರಿನ ಸಾಧ್ಯತೆ ಹೆಚ್ಚು ಅಂದಿತು 2023ರ ಅಧ್ಯಯನ. ನೋಡಿದ್ದು ಯುರೋಪ್, ಪೂರ್ವ ಏಷ್ಯಾ ಮೂಲದವರನ್ನು.

ಈಗ ತಮಾಷೆ ನೋಡಿ... 2016ರಲ್ಲಿ ವರದಿಯಾದಂತೆ, ಪುಣೆಯಲ್ಲಿ ಪರೀಕ್ಷಿಸಿದವರಲ್ಲಿ ನೂರಕ್ಕೆ 68 ಮಂದಿಗೆ ಅದೇ ಗುಂಪಿನ ಒಂದು ಚುರುಕು ರೂಪದ ಎರಡೂ ಪ್ರತಿ ಇತ್ತು; ಅಮೆರಿಕದವರಲ್ಲಿ 18! ಆದರೂ ಈ ಕ್ಯಾನ್ಸರ್ ಅಲ್ಲಿಗಿಂತ ನಮ್ಮಲ್ಲೇ ಕಡಿಮೆ.

ನಮ್ಮ ಕರಾವಳಿಯವರ ರಕ್ತ ತೆಗೆದು, ವರ್ಷಗಟ್ಟಲೆ ಗಮನಿಸಿ ಹೇಳಲಿ ಸ್ವಾಮಿ. ಅಲ್ಲಿಯವರೆಗೆ ಮೀನೆಣ್ಣೆ ಮಾತ್ರೆಯವರ ಜಾಹೀರಾತಿಗೆ ಈ ಅಂಕಿಗಳನ್ನು ಸಾಲ ಕೊಡಬೇಡಿ.