ಕರಟದ ಇದ್ದಿಲು ತುಂಬಿದ ಕಡಿಮೆ ಒತ್ತಡದ ಅನಿಲ ಟ್ಯಾಂಕು: ಪ್ರಯೋಗಕ್ಕಾಗಿ ಮನವಿ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ,
ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ, ಬೆಂಗಳೂರು.

ವಿಷಯ: ವಾಹನಗಳಲ್ಲಿ ಮೀಥೇನ್ ಅನಿಲವನ್ನು ಸೂಕ್ಷ್ಮರಂಧ್ರಗಳ ಇದ್ದಿಲಿನಲ್ಲಿ ಸಂಗ್ರಹಿಸುವ ಪ್ರಯೋಗವನ್ನು ತಿಪಟೂರು ಭಾಗದಲ್ಲಿ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ಇಂದು ಸಿಎನ್‌ಜಿ ವಾಹನಗಳಿಗೆ ಅನಿಲ ತುಂಬುವುದು 200 ಬಾರ್ ಒತ್ತಡದಲ್ಲಿ. ಅದನ್ನು ತಡೆದುಕೊಳ್ಳಲು ದಪ್ಪ ಉಕ್ಕು ಬೇಕು. ಕಾರಿನ 60 ಲೀಟರ್ ಸಿಲಿಂಡರ್ ಖಾಲಿ ಇದ್ದಾಗಲೇ ಹೆಚ್ಚುಕಡಿಮೆ 60 ಕೆ.ಜಿ. ತೂಗುತ್ತದೆ. ಒತ್ತಡ ಏರಿಸಲು ಹಲವು ಹಂತಗಳ ಕಂಪ್ರೆಸರ್ ಬೇಕು, ಅದಕ್ಕೆ ತಕ್ಕ ಕರೆಂಟೂ ಬೇಕು. ದಾಭೋಲ್–ಬೆಂಗಳೂರು ಕೊಳವೆ ಮಾರ್ಗದ ಮಗ್ಗುಲಲ್ಲಿರುವ ಊರುಗಳಿಗೆ ಇದು ದೊಡ್ಡ ಮಾತಲ್ಲ. ಆದರೆ ಸಗಣಿ, ತರಕಾರಿ ಕಸದಿಂದ ಅನಿಲ ತೆಗೆಯುವ ಸಣ್ಣ ಘಟಕದವರಿಗೆ ಅನಿಲಕ್ಕಿಂತ ಕಂಪ್ರೆಸರೇ ದುಬಾರಿ. ಜೈವಿಕ ಅನಿಲವನ್ನು ವಾಹನಗಳಿಗೆ ಒದಗಿಸಲು 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸತತ್' ಯೋಜನೆ ದೊಡ್ಡ ಘಟಕಗಳಿಗೆ ಹೊಂದುತ್ತದೆ. ಹಳ್ಳಿ ಅಳತೆಯ ಘಟಕ ಅದರ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಇಷ್ಟು ಒತ್ತಡವಿಲ್ಲದೆ ಅನಿಲ ತುಂಬಲು ಇನ್ನೊಂದು ದಾರಿಯಿದೆ: ಟ್ಯಾಂಕಿನೊಳಗೆ ಇದ್ದಿಲು. ಚೆನ್ನಾಗಿ ಸಕ್ರಿಯಗೊಳಿಸಿದ ಒಂದು ಗ್ರಾಂ ಇದ್ದಿಲಿನೊಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ದಾಟುತ್ತದೆ, ಅಂದರೆ ಸುಮಾರು ಹತ್ತು ಗುಂಟೆ ಜಮೀನು. ಎರಡು ನ್ಯಾನೋಮೀಟರ್‌ಗಿಂತ ಕಿರಿದಾದ ಆ ರಂಧ್ರಗಳಲ್ಲಿ ಮೀಥೇನ್ ಅಣುಗಳು ಗೋಡೆಗೆ ಅಂಟಿ ದಟ್ಟವಾಗಿ ಕೂರುತ್ತವೆ. 35 ಬಾರ್ ಒತ್ತಡದಲ್ಲಿ ಬರಿಯ ಟ್ಯಾಂಕು ತನ್ನ ಗಾತ್ರದ 40 ಪಟ್ಟು ಅನಿಲವನ್ನೂ (ಸಾಮಾನ್ಯ ಒತ್ತಡದಲ್ಲಿ ಅಳೆದಂತೆ) ಹಿಡಿಯಲಾರದು. ಒಳ್ಳೆಯ ಇದ್ದಿಲು ತುಂಬಿದ ಟ್ಯಾಂಕು 150 ಪಟ್ಟಿನ ಆಸುಪಾಸು ಹಿಡಿಯುತ್ತದೆ. 200 ಬಾರ್‌ನ ಸಿಲಿಂಡರ್ ಹಿಡಿಯುವುದು 220ರಿಂದ 240 ಪಟ್ಟು. ಅಷ್ಟೇ ಗಾತ್ರದ ಟ್ಯಾಂಕಿನಲ್ಲಿ ಆಟೋ ಓಡುವ ದೂರ ಕನಿಷ್ಠ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ದಿನವಿಡೀ ಒಂದೇ ಊರೊಳಗೆ ತಿರುಗಿ ರಾತ್ರಿ ಒಂದೇ ಕಡೆ ನಿಲ್ಲುವ ಗಾಡಿಗೆ ಅದು ಸಹಿಸಬಹುದಾದ ನಷ್ಟ. ಒತ್ತಡ ತಗ್ಗಿದ್ದರಿಂದ ಟ್ಯಾಂಕನ್ನು ಚಪ್ಪಟೆಯಾಗಿ ಮಾಡಿ ಸೀಟಿನಡಿ ಇಡಲೂ ಬರುತ್ತದೆ.

ಇದು ಕೇವಲ ಕನಸಲ್ಲ. 2007ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಮೆಕ್ಕೆಜೋಳದ ದಿಂಡನ್ನು ಇದ್ದಿಲು ಮಾಡಿ, 35 ಬಾರ್‌ನಲ್ಲಿ 180 ಪಟ್ಟು ಅನಿಲ ಹಿಡಿಸಿ, ಕನ್ಸಾಸ್ ಸಿಟಿಯಲ್ಲಿ ಪಿಕಪ್ ಗಾಡಿಯ ಮೇಲೆ ಪರೀಕ್ಷಿಸಿದರು. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು ಮಾಡುವ 'ಮಾಫ್' ಹರಳುಗಳು ಇನ್ನೂ ಮುಂದಿವೆ. ಕೊಠಡಿಯ ತಾಪಮಾನದಲ್ಲೇ ಇಂಥ ಹರಳು ಮೀಥೇನ್ ಹೀರುವುದನ್ನು 1997ರಲ್ಲಿ ತೋರಿಸಿದ ಸುಸುಮು ಕಿಟಗಾವಾ 2025ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡಿದ್ದಾರೆ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಈ ಹರಳುಗಳ ಸಂಶೋಧನೆ ನಡೆಯುತ್ತಿದೆ. ಆದರೆ ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ತಯಾರಾಗುವುದನ್ನು ಆಟೋಗೆ ಹತ್ತಾರು ಕೆ.ಜಿ. ತುಂಬಿಕೊಡಿ ಎಂದು ಕೇಳುವುದು ಈಗ ಅತಿಯಾಸೆ. ಕರಟ ಹಾಗಲ್ಲ. ತಿಪಟೂರು, ಅರಸೀಕೆರೆ, ತುರುವೇಕೆರೆಗಳಲ್ಲಿ ಕೊಬ್ಬರಿ ಸುಲಿದ ಮೇಲೆ ಉಳಿಯುವ ಕರಟ ಕಚ್ಚಾಮಾಲಾಗಿ ಅಗ್ಗದಲ್ಲಿ ಹೊರಹೋಗುತ್ತಿದೆ. ನೀರು ಶುದ್ಧೀಕರಣಕ್ಕೆ ಮಾರುವ ಇದ್ದಿಲನ್ನೇ ತಂದು ಸುರಿದರೆ ಕೆಲಸ ನಡೆಯದು. ರಂಧ್ರದ ಅಳತೆಯನ್ನು ಮೀಥೇನಿಗೆ ತಕ್ಕಂತೆ ಹದಗೊಳಿಸಿ, ಪುಡಿಯನ್ನು ಬಿಗಿಯಾದ ಬಿಲ್ಲೆಗಳಾಗಿ ಒತ್ತಬೇಕು. ಆ ಹದ ಕಂಡುಹಿಡಿಯುವ ಕೆಲಸಕ್ಕೆ ಹಣ ಒದಗಿಸಬೇಕು ಎಂಬುದೇ ನಮ್ಮ ಮೊದಲ ಬೇಡಿಕೆ.

ಎರಡನೆಯದು ಅಳತೆಗೆ ಸಂಬಂಧಿಸಿದ್ದು. ನಾವು ಇದನ್ನೇ ಒತ್ತಿ ಹೇಳುತ್ತೇವೆ. ಪ್ರಯೋಗಾಲಯದ ವರದಿಗಳು ಟ್ಯಾಂಕಿನೊಳಗೆ ಎಷ್ಟು ಹೋಯಿತು ಎಂಬುದನ್ನೇ ಮುಂದಿಡುತ್ತವೆ. ಚಾಲಕನಿಗೆ ಬೇಕಿರುವುದು ಎಂಜಿನ್‌ಗೆ ಎಷ್ಟು ಬಂತು ಎಂಬ ಲೆಕ್ಕ. ಒತ್ತಡ ಸುಮಾರು 5 ಬಾರ್‌ಗೆ ಇಳಿದ ಮೇಲೆ ಉಳಿದ ಅನಿಲ ರಂಧ್ರಗಳಲ್ಲೇ ಉಳಿಯುತ್ತದೆ. ತುಂಬುವಾಗ ಇದ್ದಿಲು ಬಿಸಿಯೇರಿ ಕಡಿಮೆ ಹೀರುತ್ತದೆ, ಖಾಲಿಯಾಗುವಾಗ ತಣ್ಣಗಾಗಿ ಬಿಡಲು ಸತಾಯಿಸುತ್ತದೆ. ಇದ್ದಿಲು ಶಾಖವನ್ನು ಬೇಗ ಸಾಗಿಸದು. ಅವಸರದಲ್ಲಿ ತುಂಬಿದ ಟ್ಯಾಂಕು ಹಾಗಾಗಿ ಅರೆಹೊಟ್ಟೆಯಲ್ಲೇ ಹೊರಡುತ್ತದೆ. ಆದುದರಿಂದ ಪ್ರಯೋಗದ ಗಾಡಿಗಳಿಗೆ ಘಟಕದ ಆವರಣದಲ್ಲೇ ರಾತ್ರಿಯಿಡೀ ನಿಧಾನವಾಗಿ ತುಂಬುವ ವ್ಯವಸ್ಥೆ ಇರಬೇಕು, ಮತ್ತು ಎಂಜಿನ್‌ಗೆ ಸಿಕ್ಕ ಅನಿಲವನ್ನೇ ದಾಖಲಿಸಬೇಕು.

ಪೈಪಿನ ಅನಿಲದಲ್ಲಿರುವ ಈಥೇನ್, ಪ್ರೊಪೇನ್, ವಾಸನೆಗೆ ಬೆರೆಸುವ ಗಂಧಕದ ಸಂಯುಕ್ತ ಇವೆಲ್ಲ ಮೀಥೇನಿಗಿಂತ ಬಿಗಿಯಾಗಿ ಅಂಟಿ, ತುಂಬಿ ಖಾಲಿ ಮಾಡಿದಂತೆಲ್ಲ ಜಾಗ ಕಬಳಿಸುತ್ತವೆ. ಸಗಣಿ ಅನಿಲದಲ್ಲಿ ಈಥೇನ್, ಪ್ರೊಪೇನ್‌ಗಳ ಕಾಟವಿಲ್ಲ. ಈ ತಂತ್ರಕ್ಕೆ ನಮ್ಮ ಘಟಕಗಳು ಹೊಂದುತ್ತವೆ ಎನ್ನಲು ಇದೇ ಬಲವಾದ ಕಾರಣ. ಇಂಗಾಲದ ಡೈಆಕ್ಸೈಡ್, ತೇವಾಂಶ, ಹೈಡ್ರೋಜನ್ ಸಲ್ಫೈಡ್‌ಗಳನ್ನು ಮಾತ್ರ ಚೆನ್ನಾಗಿ ತೊಳೆಯಬೇಕು. ಅದಕ್ಕೆ ಸಣ್ಣ ಘಟಕಗಳಿಗೆ ಎಟಕುವ ಶುದ್ಧೀಕರಣ ಯಂತ್ರವೂ ಪ್ರಯೋಗದ ಭಾಗವಾಗಿರಲಿ.

ಗಾಡಿ ರಸ್ತೆಗಿಳಿಯಲು ನಾಗಪುರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಬೇಕು. 200 ಬಾರ್‌ನ ಉಕ್ಕಿನ ಸಿಲಿಂಡರ್‌ಗೆ ಅನ್ವಯಿಸುವ ಪರೀಕ್ಷೆಗಳನ್ನೇ 35 ಬಾರ್‌ನ ಚಪ್ಪಟೆ ಟ್ಯಾಂಕಿಗೆ ಹೇರದೆ, ಅದಕ್ಕೆ ತಕ್ಕ ಮಾನದಂಡ ರೂಪಿಸುವಂತೆ ಮಂಡಳಿಯೇ ರಾಜ್ಯ ಸರ್ಕಾರದ ಮೂಲಕ ಬರೆಯಬೇಕು. ಇದನ್ನು ನಾವು ಬರೆದರೆ ಕಡತದಲ್ಲಿ ಮಲಗುತ್ತದೆ ಎಂಬುದು ತಮಗೂ ತಿಳಿದಿದೆ.

ಫಲಿತಾಂಶ ನಿರಾಶಾದಾಯಕವಾಗಿ ಬಂದರೂ ಅಂಕಿಅಂಶಗಳ ಸಮೇತ ಕನ್ನಡದಲ್ಲಿ ಪ್ರಕಟಿಸಬೇಕೆಂದೂ, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತಿಪಟೂರು ಸುತ್ತಮುತ್ತಲಿನ ತೆಂಗು ಬೆಳೆಗಾರರು, ಸಗಣಿ ಅನಿಲ ಘಟಕದವರು ಮತ್ತು ಆಟೋ ಚಾಲಕರು