ರೆಡಿಮೇಡ್ ಡಬ್ಬಿ ಯಾರಿಗೆ ಸಾಕು?

ಚಿಕ್ಕ ಕಂಪ್ಯೂಟರ್ ಬೇಕೆಂದು ಅಂಗಡಿಗೆ ಹೋದರೆ, ಮಾರುವವನು ವಿವರಿಸುವುದೆಲ್ಲ ಜೊತೆಗೆ ಬಂದ ಮಗನಿಗೆ. ದುಡ್ಡು ಮಾತ್ರ ನನ್ನ ಸಂಬಳದ್ದು! 'ಅಸೆಂಬಲ್ ಮಾಡಿಸೋದೆಲ್ಲ ಯಾಕೆ, ಮೇಡಂಗೆ ರೆಡಿಮೇಡೇ ಸಾಕು' ಎಂಬ ಉಪದೇಶ ಬೇರೆ.

ಏಕೆ ಸಾಕು? ರವಿಕೆ ಹೊಲಿಸುವಾಗ ಒಳಗೆ ಒಂದಿಂಚು ಬಟ್ಟೆ ಬಿಡಿಸಿಕೊಳ್ಳುವವರಲ್ಲವೇ ನಾವು, ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು? ಇಲ್ಲಿಯೂ ಅದೇ ಲೆಕ್ಕ. 'ಮಿನಿ ಐಟಿಎಕ್ಸ್' ಎಂಬ ಮದರ್‌ಬೋರ್ಡ್ ಬರೀ 17 ಸೆಂಟಿಮೀಟರ್ ಚೌಕ, ಊಟದ ತಟ್ಟೆಗಿಂತ ಚಿಕ್ಕದು. ಬೆಲೆ ತುಸು ಜಾಸ್ತಿ, ಒಪ್ಪಿದೆ. ಆದರೆ ಅದರ ಮೇಲೆ ಅಸೆಂಬಲ್ ಮಾಡಿಸಿದರೆ, ಮೆಮೊರಿ ಸಾಲದಾದಾಗ ಹೆಚ್ಚಿಸಬಹುದು. ಪವರ್ ಸಪ್ಲೈ ಸುಟ್ಟರೆ ಅದೊಂದನ್ನೇ ಬದಲಿಸಬಹುದು. 2020ರ ನಂತರದ ಮ್ಯಾಕ್ ಮಿನಿಯಲ್ಲಿ ಕೊಂಡ ದಿನ ಎಷ್ಟು ಮೆಮೊರಿಯೋ ಕೊನೆತನಕ ಅಷ್ಟೇ.

ಬರೀ ಪ್ರಶ್ನೆಪತ್ರಿಕೆ ಟೈಪ್ ಮಾಡುವವರು ರೆಡಿಮೇಡೇ ಕೊಳ್ಳಲಿ, ಕರೆಂಟೂ ಕಡಿಮೆ ಎಳೆಯುತ್ತದೆ. ಆದರೆ ಮೆಮೊರಿ ಬದಲಿಸಲು ಬರುತ್ತದೆಯೇ ಎಂದು ಮೊದಲು ಕೇಳಲಿ, ಬಾಯಿಬಿಟ್ಟು ಕೇಳಲಿ. ಉಳಿದವರು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ, ಬಿಡಿಭಾಗಗಳ ದರ ವಿಚಾರಿಸಿ. ಒಂದೊಂದು ಭಾಗಕ್ಕೂ ಬೇರೆಯದೇ ವಾರಂಟಿ. ಬಿಲ್ಲುಗಳನ್ನು ರೇಷನ್ ಕಾರ್ಡಿನ ಜೊತೆಗೇ ಎತ್ತಿಡಿ.