ಬಾಡಿಗೆ ಯಂತ್ರಕ್ಕೆ ಯಾವ ಭಾಷೆ?

ಅಂಗಡಿಯ ಲೆಕ್ಕ, ಗಿರಣಿಯ ಹಾಜರಿ ಪುಸ್ತಕ ಇಂದು ದೂರದೂರಿನ ಬಾಡಿಗೆ ಕಂಪ್ಯೂಟರುಗಳನ್ನು ಸೇರುತ್ತಿವೆ. ಅದಕ್ಕೆ ಕ್ಲೌಡ್ ಎಂದು ಹೆಸರು. ಅಲ್ಲಿ ಯಂತ್ರಕ್ಕೆ ಕೆಲಸ ಹೇಳಲು ಯಾವ ಯಾವ ಪ್ರೋಗ್ರಾಮಿಂಗ್ ಭಾಷೆ ನಡೆಯಬೇಕೆಂಬುದು ಎಂಜಿನಿಯರುಗಳ ಖಾಸಗಿ ಮಾತಲ್ಲ.

ಪಾರ್ಚ್‌ಮೆಂಟನ್ನೇ ತನ್ನಿ, ಚೆರಿ ಬೇಡ ಎಂದು ನಮ್ಮ ಕ್ಯೂರಿಂಗ್ ವರ್ಕ್ಸುಗಳೆಲ್ಲ ಹೇಳಿದರೆ ಏನಾದೀತು? ಪಲ್ಪರೂ ನೀರೂ ಉಳ್ಳ ಎಸ್ಟೇಟು ಬದುಕೀತು. ಆಲ್ದೂರಿನ ಸುತ್ತ ಕಣದಲ್ಲಿ ಹಣ್ಣು ಒಣಗಿಸುವ ಎರಡೆಕರೆಯವನ ಗತಿ? ಗೂಗಲ್ ಕಂಪೆನಿ 2008ರಲ್ಲಿ ಆಪ್ ಎಂಜಿನ್ ತೆರೆದಾಗ ಪೈಥಾನ್ ಒಂದಕ್ಕೇ ಪ್ರವೇಶವಿತ್ತು. 2009ರಲ್ಲಿ ಜಾವಾ ಬಂತು. 2011ರಲ್ಲಿ ಕಂಪೆನಿಯೇ ಹುಟ್ಟಿಸಿದ ಗೋ ಬಂತು. ಸಣ್ಣ ಅಂಗಡಿಗಳ ಎಷ್ಟೋ ಜಾಲತಾಣಗಳನ್ನು ನಡೆಸುವ ಪಿಎಚ್‌ಪಿ 2013ರವರೆಗೆ ಬಾಗಿಲಲ್ಲೇ ನಿಂತಿತ್ತು. ಮನೆಯ ಕೂಸಿಗೆ ಮುಂದಿನ ಪಂಕ್ತಿ!

ಭಾಷೆ ಹೆಚ್ಚಿದಷ್ಟೂ ದುರಸ್ತಿಯ ಖರ್ಚು ಹೆಚ್ಚು ಎನ್ನುತ್ತಾರೆ. ನಿಜವೇ. ನಾವು ನೂರು ಭಾಷೆ ಕೇಳುತ್ತಿಲ್ಲ. 2013ರಲ್ಲಿ ಬಂದ ಡಾಕರ್ ಕ್ರಮದಲ್ಲಿ, ಬರೆದವನು ತನ್ನ ಭಾಷೆಯ ಸಾಮಗ್ರಿಯನ್ನೂ ಮೂಟೆ ಕಟ್ಟಿ ತರಬಹುದು. ಬಾಡಿಗೆ ಏರಿದರೆ ಅದೇ ಮೂಟೆ ಹೊತ್ತು ಬೇರೆಡೆಗೆ ಹೋಗಬಹುದು. ಮಾಲೀಕರಿಗೆ ಹಿಡಿಸದಿರುವುದು ಈ ಎರಡನೆಯದು.

ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆಂದು 2014ರಲ್ಲಿ ಮೇಘರಾಜ್ ಕ್ಲೌಡ್ ತೆರೆಯಿತು. 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆಯೆಂಬ ನೀತಿಯನ್ನೂ ಸಾರಿತು. ಸಾರ್ವಜನಿಕ ಹಣದಿಂದ ನಡೆಯುವ ಯಂತ್ರ ಪೈಥಾನ್, ಪಿಎಚ್‌ಪಿ, ಜಾವಾ, ಜಾವಾಸ್ಕ್ರಿಪ್ಟುಗಳನ್ನು ನೇರವಾಗಿ ಒಪ್ಪಬೇಕು. ಉಳಿದವಕ್ಕೆ ಮೂಟೆಯ ದಾರಿ ತೆರೆದಿರಬೇಕು. ಬಾಡಿಗೆ ಮನೆ ಬಿಡಿಸಲೂ ನೋಟೀಸು ಬೇಕು. ಭಾಷೆಯ ಹಳೆಯ ಆವೃತ್ತಿಯನ್ನು ನಿಲ್ಲಿಸುವಾಗಲೂ ಎರಡು ವರ್ಷದ ನೋಟೀಸು ಕೊಡಬೇಕೆಂದು ನಾವು ಒತ್ತಾಯಿಸುತ್ತೇವೆ.